ಗಣನಾ ರೇಖಾಗಣಿತ: ಹಾಲಹರವಿ ಸೀಮೆಯ ನೆಲದ ನಕ್ಷೆಯ ಹಿನ್ನೆಲೆಯಲ್ಲಿ

ಬಿಂದು, ರೇಖಾಖಂಡ, ಬಹುಭುಜ, ಮೇಲ್ಮೈ ಮುಂತಾದ ಆಕೃತಿಗಳ ಬಗೆಗಿನ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಅಲ್ಗಾರಿದಂಗಳನ್ನೂ ಅವಕ್ಕೆ ಬೇಕಾದ ದತ್ತಾಂಶ ರಚನೆಗಳನ್ನೂ ಅಭ್ಯಾಸ ಮಾಡುವ ಗಣಕ ವಿಜ್ಞಾನದ ಶಾಖೆಗೆ ಗಣನಾ ರೇಖಾಗಣಿತ ಎಂದು ಹೆಸರು. ಮೈಕೆಲ್ ಶೇಮೋಸ್ 1978ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಿಂದ ಇದು ಸ್ವತಂತ್ರ ಶಾಖೆಯ ರೂಪ ಪಡೆಯಿತು. 1985ರಲ್ಲಿ ಈ ವಿಷಯದ ಮೊದಲ ವಾರ್ಷಿಕ ಸಮ್ಮೇಳನ ನಡೆಯಿತು. ಅದೇ ವರ್ಷ ಪ್ರೆಪರಾಟಾ ಮತ್ತು ಶೇಮೋಸ್ ಸೇರಿ ಬರೆದ ಪಠ್ಯಪುಸ್ತಕ ಹೊರಬಂತು. ಎರಡು ಗೆರೆಗಳು ಎಲ್ಲಿ ಕತ್ತರಿಸುತ್ತವೆ, ಈ ಬಿಂದು ಯಾವ ಆಕೃತಿಯೊಳಗಿದೆ, ಇದಕ್ಕೆ ಅತಿ ಹತ್ತಿರದ ಬಿಂದು ಯಾವುದು ಎಂಬಂಥ ಪ್ರಶ್ನೆಗಳು ಇದರ ಮೂಲ ಬಂಡವಾಳ. ಭೂಸರ್ವೆ, ನಕ್ಷೆ ತಯಾರಿಕೆ, ನೀರಾವರಿ ಯೋಜನೆ, ರೋಬೋಟ್ ಚಲನೆ, ಚಿಪ್ ವಿನ್ಯಾಸ, ವೈದ್ಯಕೀಯ ಚಿತ್ರಣಗಳೆಲ್ಲ ಈ ಪ್ರಶ್ನೆಗಳನ್ನೇ ಬೇರೆ ಬೇರೆ ವೇಷದಲ್ಲಿ ಕೇಳುತ್ತವೆ. ಆಕೃತಿಗಳ ಲೆಕ್ಕದಲ್ಲಿ ಅಳತೆ ಸುಲಭದ ಭಾಗ; ಸಂಬಂಧವೇ ಕಷ್ಟದ ಭಾಗ ಎಂಬುದು ಈ ಲೇಖನದ ನಿಲುವು. ಯಾವುದು ಯಾವುದರ ಎಡಕ್ಕಿದೆ, ಯಾವುದು ಯಾವುದಕ್ಕೆ ನೆರೆ, ಯಾವುದು ಯಾವುದರ ಒಳಗಿದೆ ಎಂಬುದನ್ನು ತಪ್ಪದೆ ನೆನಪಿಡುವ ರಚನೆ ಸಿಕ್ಕಿದರೆ ಅಳತೆ ತಾನಾಗಿ ಹಿಂಬಾಲಿಸುತ್ತದೆ. ಅದು ಸಿಗದಿದ್ದರೆ ಎಷ್ಟು ನಿಖರವಾಗಿ ಅಳೆದರೂ ಫಲವಿಲ್ಲ. ಈ ನಿಲುವನ್ನು ಪರೀಕ್ಷಿಸಲು ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನ ಹಾಲಹರವಿ ಸೀಮೆ ತಕ್ಕ ನೆಲ. ಗಡಿ, ಹೊಲ, ಕಾಲುವೆ, ಮಳೆ ಎಂಬ ನಾಲ್ಕೂ ಕಡೆಯಿಂದ ಈ ಶಾಸ್ತ್ರದ ಪ್ರಶ್ನೆಗಳು ಅಲ್ಲಿ ನಿಜವಾಗಿಯೇ ಎದುರಾಗಿವೆ.

ನೆಲದ ಹಿನ್ನೆಲೆ

ಹಾಲಹರವಿ ಇಂದು ಆಂಧ್ರಪ್ರದೇಶದ ಒಂದು ಮಂಡಲ. ಬಳ್ಳಾರಿ ಜಿಲ್ಲೆಗೆ ಅಂಟಿಕೊಂಡ, ಕನ್ನಡ ಮಾತಾಡುವವರು ಬಹಳಷ್ಟಿರುವ ಎರೆ ಭೂಮಿಯ ಸೀಮೆ. 1800ರ ಅಕ್ಟೋಬರಿನ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದೊಳಗೆ ಆದೋನಿ, ಆಲೂರುಗಳ ಈ ಪ್ರದೇಶವೂ ಸೇರಿತ್ತು. ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1802ರಲ್ಲಿ ಇಲ್ಲಿ ಹೊಲಹೊಲದ ಸರ್ವೆ ಆರಂಭಿಸಿದ. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತದ ಮೇಲೆ ತ್ರಿಕೋನಗಳ ಬಲೆ ಹೆಣೆಯುತ್ತಿದ್ದ. 1811ರಲ್ಲಿ ಆತ ಗುತ್ತಿಯ ಬಳಿ ಒಂದು ಆಧಾರ ರೇಖೆಯನ್ನು ಅಳೆದ. ಹೀಗೆ ಒಂದೇ ನೆಲದ ಮೇಲೆ ಎರಡು ಬಗೆಯ ಕೆಲಸ ನಡೆಯಿತು. ಮನ್ರೋನ ಸರ್ವೆ ಪ್ರತಿ ಹೊಲದ ವಿಸ್ತೀರ್ಣ ಹಿಡಿದು ಕಂದಾಯ ಗೊತ್ತುಮಾಡಲು ಹೊರಟಿತ್ತು. ಲ್ಯಾಂಬ್ಟನ್ನನ ಸರ್ವೆ ದೂರದೂರದ ಸ್ಥಳಗಳನ್ನು ಪರಸ್ಪರ ಕಟ್ಟಿ ನಿಲ್ಲಿಸಲು ಹೊರಟಿತ್ತು. ಮುಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಜಿಲ್ಲೆಯ ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕಿನ ಪ್ರಶ್ನೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವರದಿಯ ನಂತರ ಇತ್ಯರ್ಥವಾಯಿತು. ಆಲೂರು ತಾಲೂಕಿನ ಜೊತೆಗೆ ಹಾಲಹರವಿಯೂ ಗಡಿಯ ಆಚೆ ಉಳಿಯಿತು.

ಅಳತೆ ಮಾತ್ರ ಸಾಲದು ಎಂಬ ಅರಿವು ಕಂಪ್ಯೂಟರಿಗಿಂತ ಬಹಳ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ಕ್ಷೇತ್ರಫಲವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡಾಗಿ ವಿಂಗಡಿಸಿತು. ಎದುರುಬದುರು ಬಾಹುಗಳ ಮೊತ್ತದ ಅರ್ಧಗಳನ್ನು ಗುಣಿಸುವುದು ವ್ಯಾವಹಾರಿಕ ವಿಧಾನ. ನಾಲ್ಕೂ ಬದಿ 10 ಸರಪಳಿ ಇರುವ ಒಂದು ಹೊಲಕ್ಕೆ ಈ ವಿಧಾನ 100 ಚದರ ಸರಪಳಿ, ಅಂದರೆ 10 ಎಕರೆ ಎಂದು ಉತ್ತರ ಕೊಡುತ್ತದೆ. ಹೊಲ ಚೌಕವಾಗಿದ್ದರೆ ಉತ್ತರ ಸರಿ. ಅದು ಓರೆಯಾಗಿ ಒಂದು ಮೂಲೆ 60 ಡಿಗ್ರಿ ಆಗಿದ್ದರೆ ನಿಜವಾದ ವಿಸ್ತೀರ್ಣ ಸುಮಾರು 8 ಎಕರೆ 66 ಸೆಂಟು ಮಾತ್ರ. ನಾಲ್ಕು ಬದಿಗಳಿಂದಲೇ ಲೆಕ್ಕ ಹಾಕುವ ಸೂಕ್ಷ್ಮ ಸೂತ್ರವೂ ವೃತ್ತದೊಳಗೆ ಕೂರುವ ಚತುರ್ಭುಜಕ್ಕೆ ಮಾತ್ರ ಸಲ್ಲುತ್ತದೆ. ಈ ಓರೆ ಹೊಲಕ್ಕೆ ಅದೂ 10 ಎಕರೆ ಎಂದೇ ಹೇಳುತ್ತದೆ. ಬದಿಗಳ ಉದ್ದ ಒಂದೂ ಬದಲಾಗದೆ 1 ಎಕರೆ 34 ಸೆಂಟು ನೆಲ ಮಾಯವಾಗಬಲ್ಲುದು. 12ನೆಯ ಶತಮಾನದ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಈ ದೋಷವನ್ನೇ ಎತ್ತಿಹಿಡಿದು, ಲಂಬವನ್ನಾಗಲಿ ಕರ್ಣವನ್ನಾಗಲಿ ತಿಳಿಸದೆ ಚತುರ್ಭುಜದ ಫಲ ಕೇಳುವವನನ್ನೂ ಹೇಳುವವನನ್ನೂ ಕಟುವಾಗಿ ಟೀಕಿಸಿದ. ಅದೇ ಶತಮಾನದಲ್ಲಿ ರಾಜಾದಿತ್ಯ ಕ್ಷೇತ್ರಗಣಿತ, ವ್ಯವಹಾರಗಣಿತ ಎಂಬ ಕೃತಿಗಳನ್ನು ಕನ್ನಡದಲ್ಲೇ ಬರೆದು ಈ ವಿದ್ಯೆಯನ್ನು ದೇಶಭಾಷೆಗೆ ತಂದ. ಮದ್ರಾಸ್ ಪ್ರಾಂತದ ಸರ್ವೆಯವರು ಹೊಲದ ಅಳತೆ ಪುಸ್ತಕದಲ್ಲಿ ಮೊದಲು ಹೊಲವನ್ನು ಅಡ್ಡಹಾಯುವ ಒಂದು ಆಧಾರ ಗೆರೆ ಎಳೆದು, ಅಲ್ಲಿಂದ ಪ್ರತಿ ಬಾಂದುಕಲ್ಲಿಗೆ ಲಂಬದ ಅಳತೆ ಬರೆದಿಡುತ್ತಿದ್ದುದು ಇದೇ ಕಾರಣಕ್ಕೆ. ಆ ಗೆರೆಯೇ ಹೊಲದ ಮೂಲೆಗಳನ್ನು ಒಂದಕ್ಕೊಂದು ಕಟ್ಟುತ್ತದೆ.

ಸಂಬಂಧವನ್ನು ಬರೆದಿಡುವ ರೂಢಿಯೂ ಈ ನೆಲದ್ದೇ. ಭೂಮಿಯನ್ನು ದಾನಕೊಟ್ಟ ಹಳೆಯ ಶಾಸನಗಳು ಗಡಿಯನ್ನು ದಿಕ್ಕಿನ ಕ್ರಮದಲ್ಲಿ, ಕಲ್ಲು, ಮರ, ಹಳ್ಳ, ಕೆರೆಗಳ ಹೆಸರು ಹಿಡಿದು ಸುತ್ತುತ್ತವೆ. ಇಂದಿನ ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೆ ಯಾವ ಹಳ್ಳ ಎಂದು ಬರೆಯಲೇಬೇಕು. ವಿಸ್ತೀರ್ಣದ ಅಂಕಿಯಲ್ಲಿ ತುಸು ಹೆಚ್ಚುಕಡಿಮೆ ಇದ್ದರೂ ಚಕ್ಕುಬಂದಿ ಸರಿಯಾಗಿದ್ದರೆ ಯಾವ ಹೊಲ ಮಾರಾಟವಾಯಿತು ಎಂಬುದರಲ್ಲಿ ಗೊಂದಲ ಉಳಿಯುವುದಿಲ್ಲ. ಗಣನಾ ರೇಖಾಗಣಿತದ ದತ್ತಾಂಶ ರಚನೆಗಳು ಮಾಡುವ ಕೆಲಸವೂ ಇಷ್ಟೇ: ಪ್ರತಿ ಆಕೃತಿಯ ಜೊತೆಗೆ ಅದರ ನೆರೆಯನ್ನೂ ದಾಖಲಿಸುವುದು.

ಮೂಲ ಪರೀಕ್ಷೆ: ಎಡವೇ ಬಲವೇ

ಈ ಶಾಸ್ತ್ರದ ಬಹುಪಾಲು ಅಲ್ಗಾರಿದಂಗಳು ಒಂದೇ ಒಂದು ಸಣ್ಣ ಪರೀಕ್ಷೆಯ ಮೇಲೆ ನಿಂತಿವೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ನಡೆಯುವಾಗ ಮೂರನೆಯ ಕಲ್ಲು ಎಡಕ್ಕಿದೆಯೇ, ಬಲಕ್ಕಿದೆಯೇ, ಗೆರೆಯ ಮೇಲೆಯೇ ಇದೆಯೇ? ಮೂರೂ ಕಲ್ಲುಗಳ ನಿರ್ದೇಶಾಂಕಗಳಿಂದ ಕಟ್ಟಿದ ಒಂದು ನಿರ್ಧಾರಕದ ಚಿಹ್ನೆ ಧನವೋ ಋಣವೋ ಸೊನ್ನೆಯೋ ಎಂದು ನೋಡಿದರೆ ಉತ್ತರ ಸಿಗುತ್ತದೆ. ಭಾಗಾಕಾರ ಬೇಡ, ವರ್ಗಮೂಲ ಬೇಡ, ಕೋನವನ್ನು ಅಳೆಯುವುದೂ ಬೇಡ. ಎರಡು ರೇಖಾಖಂಡಗಳು ಕತ್ತರಿಸುತ್ತವೆಯೇ ಎಂಬುದು ಸಾಮಾನ್ಯವಾಗಿ ಇಂಥ ನಾಲ್ಕು ಪರೀಕ್ಷೆಗಳಲ್ಲಿ ತೀರ್ಮಾನವಾಗುತ್ತದೆ. ಬಿಂದುವೊಂದು ಬಹುಭುಜದ ಒಳಗಿದೆಯೇ ಎಂದು ತಿಳಿಯಲು ಅಲ್ಲಿಂದ ಒಂದು ದಿಕ್ಕಿಗೆ ಕಿರಣ ಎಳೆದು, ಅದು ಗಡಿಯನ್ನು ಎಷ್ಟು ಸಲ ದಾಟಿತು ಎಂದು ಎಣಿಸಿದರೆ ಸಾಕು. ಬೆಸವಾದರೆ ಒಳಗೆ, ಸಮವಾದರೆ ಹೊರಗೆ. ಬಹುಭುಜದ ವಿಸ್ತೀರ್ಣವೂ ಇದೇ ನಿರ್ಧಾರಕಗಳನ್ನು ಗಡಿಯ ಸುತ್ತ ಕೂಡಿ ಅರ್ಧ ಮಾಡಿದಾಗ ಬರುತ್ತದೆ. ಇಲ್ಲಿ ಗಮನಿಸಬೇಕಾದ್ದು ಕ್ರಮ. ಅವೇ ಕಲ್ಲುಗಳ ಪಟ್ಟಿಯನ್ನು ಸುತ್ತಿನ ಕ್ರಮ ತಪ್ಪಿಸಿ ಕೊಟ್ಟರೆ ಸೂತ್ರ ಅರ್ಥವಿಲ್ಲದ ಸಂಖ್ಯೆಯನ್ನು ಹೇಳುತ್ತದೆ. ಬಿಂದುಗಳ ಸಮೂಹ ಹೊಲವಾಗುವುದು ಕ್ರಮದಿಂದ; ಅಳತೆ ಆಮೇಲಿನದು.

ಕ್ರಮದ ಬೆಲೆ ಎಷ್ಟು ಎಂಬುದಕ್ಕೆ ಪೀನ ಆವರಣದ ಸಮಸ್ಯೆ ಸ್ಪಷ್ಟ ಉತ್ತರ ಕೊಟ್ಟಿದೆ. ಹರಡಿಬಿದ್ದ ಬಿಂದುಗಳನ್ನೆಲ್ಲ ಒಳಗೊಳ್ಳುವ ಅತಿ ಚಿಕ್ಕ ಪೀನ ಬಹುಭುಜವನ್ನು ಕಂಡುಹಿಡಿಯುವುದು ಆ ಸಮಸ್ಯೆ. 1972ರಲ್ಲಿ ರೊನಾಲ್ಡ್ ಗ್ರಹಾಂ ಬಿಂದುಗಳನ್ನು ಕೋನದ ಕ್ರಮದಲ್ಲಿ ಜೋಡಿಸಿ, ಒಂದು ಸುತ್ತು ನಡೆದು, ಬಲಕ್ಕೆ ತಿರುಗುವ ಮೂಲೆಗಳನ್ನು ಕಳಚುತ್ತ ಹೋಗುವ ವಿಧಾನ ಕೊಟ್ಟ. ಎನ್ ಬಿಂದುಗಳಿಗೆ ಇದು ಎನ್ ಲಾಗ್ ಎನ್ ಪ್ರಮಾಣದ ಹೆಜ್ಜೆಗಳಲ್ಲಿ ಮುಗಿಯುತ್ತದೆ. ಅದರಲ್ಲಿ ಹೆಚ್ಚಿನ ಕಾಲ ಹೋಗುವುದು ಜೋಡಿಸುವುದಕ್ಕೆ. ಸುತ್ತುವ ಕೆಲಸ ಬಿಂದುಗಳ ಸಂಖ್ಯೆಯಷ್ಟೇ. ಇದಕ್ಕಿಂತ ವೇಗವಾದ ಸಾಮಾನ್ಯ ವಿಧಾನ ಸಾಧ್ಯವಿಲ್ಲ ಎಂಬುದಕ್ಕೂ ಸಾಧನೆ ಇದೆ: ಸಂಖ್ಯೆಗಳನ್ನು ಪರವಲಯದ ಮೇಲಿನ ಬಿಂದುಗಳಾಗಿ ಇಟ್ಟರೆ ಅವುಗಳ ಪೀನ ಆವರಣವೇ ಆ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಡುತ್ತದೆ. ಆವರಣ ಬೇಗ ಸಿಗುವಂತಿದ್ದರೆ ಜೋಡಣೆಯೂ ಅಷ್ಟೇ ಬೇಗ ಆಗಬೇಕಿತ್ತು. ಅದು ಆಗದೆಂದು ಮೊದಲೇ ಗೊತ್ತಿದೆ. ಆವರಣದ ಮೂಲೆಗಳು ಕೆಲವೇ ಇದ್ದಾಗ ಇನ್ನಷ್ಟು ಉಳಿತಾಯ ಮಾಡುವ ವಿಧಾನವನ್ನು ತಿಮೋತಿ ಚಾನ್ 1996ರಲ್ಲಿ ಸರಳಗೊಳಿಸಿದ. ಆಕೃತಿಯ ಸಮಸ್ಯೆಯ ತಿರುಳಿನಲ್ಲಿ ಕ್ರಮದ ಸಮಸ್ಯೆ ಕೂತಿದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಗೆರೆಗಳ ಹೆಣಿಗೆ

ಹಳೆಯ ಗ್ರಾಮ ನಕ್ಷೆಯ ಮೇಲೆ ಡ್ರೋನ್ ಸರ್ವೆಯ ಹೊಸ ನಕ್ಷೆಯನ್ನು ಹೊದಿಸಿ ಎಲ್ಲಿ ವ್ಯತ್ಯಾಸ ಬಂತು ಎಂದು ನೋಡಬೇಕಾದಾಗ ಸಮಸ್ಯೆ ದೊಡ್ಡದಾಗುತ್ತದೆ. ಆಂಧ್ರಪ್ರದೇಶ ಸರ್ಕಾರ 2020ರ ಡಿಸೆಂಬರಿನಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಸಹಕಾರದೊಂದಿಗೆ ರಾಜ್ಯದಾದ್ಯಂತ ಜಮೀನುಗಳ ಮರುಸರ್ವೆ ಆರಂಭಿಸಿದ ಮೇಲೆ ಇದು ಪುಸ್ತಕದ ಉದಾಹರಣೆಯಾಗಿ ಉಳಿದಿಲ್ಲ. ಒಂದು ಲಕ್ಷ ರೇಖಾಖಂಡಗಳಿದ್ದರೆ ಪ್ರತಿ ಜೋಡಿಯನ್ನೂ ಹೋಲಿಸಲು ಸುಮಾರು 500 ಕೋಟಿ ಪರೀಕ್ಷೆ ಬೇಕು. 1979ರಲ್ಲಿ ಜಾನ್ ಬೆಂಟ್ಲಿ ಮತ್ತು ಥಾಮಸ್ ಆಟ್‌ಮನ್ ಕೊಟ್ಟ ವಿಧಾನದಲ್ಲಿ ಒಂದು ಕಾಲ್ಪನಿಕ ನೇರ ಗೆರೆ ನಕ್ಷೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತದೆ. ಆ ಗಳಿಗೆಯಲ್ಲಿ ಅದನ್ನು ಮುಟ್ಟಿದ ಖಂಡಗಳನ್ನು ಮೇಲಿಂದ ಕೆಳಕ್ಕೆ ಕ್ರಮವಾಗಿ ಒಂದು ಸಮತೋಲಿತ ವೃಕ್ಷದಲ್ಲಿ ಇಟ್ಟುಕೊಂಡು, ಅಕ್ಕಪಕ್ಕಕ್ಕೆ ಬಂದ ಖಂಡಗಳನ್ನು ಮಾತ್ರ ಪರೀಕ್ಷಿಸಲಾಗುತ್ತದೆ. ಕತ್ತರಿಸಲಿರುವ ಎರಡು ಗೆರೆಗಳು ಕತ್ತರಿಸುವ ಮುನ್ನ ಪಕ್ಕಪಕ್ಕದಲ್ಲಿ ಬರಲೇಬೇಕು ಎಂಬ ಒಂದೇ ಸತ್ಯ ಈ ವಿಧಾನದ ಬೇರು. ಛೇದಬಿಂದುಗಳು ಕಡಿಮೆ ಇದ್ದರೆ ಒಂದು ಲಕ್ಷ ಖಂಡಗಳಿಗೆ ಕೆಲಸ ಲಕ್ಷಗಳ ಲೆಕ್ಕಕ್ಕೆ ಇಳಿಯುತ್ತದೆ, ಕೋಟಿಗಳ ಲೆಕ್ಕ ಬೇಡ. ಮುಂದೆ ಶಜೇಲ್ ಮತ್ತು ಎಡೆಲ್ಸ್‌ಬ್ರೂನರ್, ಆಮೇಲೆ ಬಲಬಾನ್ ಇದನ್ನು ಇನ್ನಷ್ಟು ಚೊಕ್ಕ ಮಾಡಿದರು. ನೆರೆತನದ ಅರಿವು ಇಲ್ಲಿ ಉಳಿಸಿದ್ದು ಬರೀ ಕಾಲವನ್ನಲ್ಲ. ಎಷ್ಟು ದೊಡ್ಡ ನಕ್ಷೆಯನ್ನು ಕೈಗೆತ್ತಿಕೊಳ್ಳಬಹುದು ಎಂಬ ಮಿತಿಯನ್ನೇ ಅದು ಹಿಗ್ಗಿಸಿತು.

ಛೇದಬಿಂದುಗಳು ಸಿಕ್ಕ ಮೇಲೆ ಆ ಹೆಣಿಗೆಯನ್ನು ಇಟ್ಟುಕೊಳ್ಳುವ ರಚನೆ ಬೇಕು. ಮುಲ್ಲರ್ ಮತ್ತು ಪ್ರೆಪರಾಟಾ 1978ರಲ್ಲಿ ಕೊಟ್ಟ ಇಮ್ಮಡಿ ಕೊಂಡಿಯ ಅಂಚುಪಟ್ಟಿ ಇದಕ್ಕೆ ಮಾದರಿಯಾಯಿತು. ಇಂದು ಪಠ್ಯಗಳಲ್ಲಿ ಕಲಿಸುವ ರೂಪದಲ್ಲಿ ಪ್ರತಿ ಬದುವೂ ಎರಡು ಅರ್ಧಗಳಾಗಿರುತ್ತದೆ, ಈ ಹೊಲದ ಕಡೆಯದೊಂದು, ಆ ಹೊಲದ ಕಡೆಯದೊಂದು. ಪ್ರತಿ ಅರ್ಧಕ್ಕೂ ತನ್ನ ಜೋಡಿ ಯಾವುದು, ತನ್ನ ಹೊಲ ಯಾವುದು, ಸುತ್ತಿನಲ್ಲಿ ತನ್ನ ಮುಂದಿನದು ಯಾವುದು ಎಂದು ಗೊತ್ತಿರುತ್ತದೆ. ಒಂದು ಹೊಲವನ್ನು ಸುತ್ತುವುದು, ಒಂದು ಕಲ್ಲಿನ ಸುತ್ತ ಇರುವ ಹೊಲಗಳನ್ನೆಲ್ಲ ಹೆಸರಿಸುವುದು, ಬದು ದಾಟಿ ಪಕ್ಕದ ಹೊಲಕ್ಕೆ ಹೋಗುವುದು ಹುಡುಕಾಟವಿಲ್ಲದೆ ನಡೆಯುತ್ತದೆ. ಮೇಲಾಗಿ, ಎರಡು ಹೊಲಗಳ ನಡುವಿನ ಬದು ಒಂದೇ ಸಲ ದಾಖಲಾಗುವುದರಿಂದ ಒಬ್ಬರ ನಕ್ಷೆಯಲ್ಲಿ ಅದು ಇಲ್ಲಿ, ಇನ್ನೊಬ್ಬರ ನಕ್ಷೆಯಲ್ಲಿ ಅಲ್ಲಿ ಎಂಬ ಸ್ಥಿತಿಯೇ ಹುಟ್ಟುವುದಿಲ್ಲ. ಪ್ರತಿ ಹೊಲವನ್ನೂ ಬೇರೆ ಬೇರೆ ಬಹುಭುಜವಾಗಿ ಇಟ್ಟರೆ ಒಂದೇ ಬದು ಎರಡು ಕಡೆ ಬರೆಯಲ್ಪಟ್ಟು, ನಡುವೆ ಯಾರಿಗೂ ಸೇರದ, ಇಲ್ಲವೇ ಇಬ್ಬರಿಗೂ ಸೇರಿದ ಕೂದಲೆಳೆಯಂಥ ಚೂರುಗಳು ಹುಟ್ಟುತ್ತವೆ. ನಕ್ಷೆ ಹೊದಿಸುವ ಕೆಲಸ ಮಾಡಿದವರಿಗೆಲ್ಲ ಈ ಚೂರುಗಳ ಕಾಟ ಗೊತ್ತು. ಅಳತೆಯನ್ನು ಎಷ್ಟು ಚುರುಕು ಮಾಡಿದರೂ ಅವು ಹೋಗುವುದಿಲ್ಲ. ರಚನೆ ಬದಲಾದರೆ ಹೋಗುತ್ತವೆ.

ಹುಡುಕುವುದು

ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಬಿಂದುಸ್ಥಾನ ನಿರ್ಣಯ ಎನ್ನಬಹುದು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಉತ್ತರಿಸುವುದು ಈ ಪ್ರಶ್ನೆಯನ್ನೇ. ಡೇವಿಡ್ ಕರ್ಕ್‌ಪ್ಯಾಟ್ರಿಕ್ 1983ರಲ್ಲಿ ತ್ರಿಭುಜಗಳ ಒರಟು ನಕ್ಷೆಯಿಂದ ನಯವಾದ ನಕ್ಷೆಗೆ ಹಂತಹಂತವಾಗಿ ಇಳಿಯುವ ರಚನೆ ಕೊಟ್ಟ. 1986ರಲ್ಲಿ ಸಾರ್ನಾಕ್ ಮತ್ತು ಟಾರ್ಜನ್ ಸರಿಯುವ ಗೆರೆಯ ವೃಕ್ಷದ ಹಿಂದಿನ ಸ್ಥಿತಿಗಳನ್ನೆಲ್ಲ ಉಳಿಸಿಕೊಳ್ಳುವ ಇನ್ನೊಂದು ದಾರಿ ತೋರಿಸಿದರು. ಎರಡರಲ್ಲೂ ಪ್ರಶ್ನೆಯ ಕಾಲ ಲಾಗ್ ಎನ್ ಪ್ರಮಾಣದ್ದು. ಗೆರೆಗಳು ಹತ್ತುಪಟ್ಟು ಹೆಚ್ಚಿದರೂ ಹೆಜ್ಜೆಗಳು ಕೆಲವೇ ಹೆಚ್ಚುತ್ತವೆ. ಬಳಕೆಯ ತಂತ್ರಾಂಶಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಮನೆತನದ ರಚನೆಗಳು: ನೆಲವನ್ನು ನಾಲ್ಕುನಾಲ್ಕಾಗಿ ಹೋಳುಮಾಡುವ 1974ರ ಕ್ವಾಡ್‌ಟ್ರೀ, ಒಮ್ಮೆ ಅಡ್ಡ ಒಮ್ಮೆ ಉದ್ದ ಸೀಳುವ 1975ರ ಕೆ-ಡಿ ಟ್ರೀ, ಆಕೃತಿಗಳನ್ನು ಆಯತದ ಪೆಟ್ಟಿಗೆಗಳಲ್ಲಿ ಗುಂಪು ಕಟ್ಟುವ 1984ರ ಆರ್-ಟ್ರೀ. ಆಂಟೋನಿನ್ ಗಟ್‌ಮನ್ ಕೊಟ್ಟ ಆರ್-ಟ್ರೀ ಡಿಸ್ಕಿನಲ್ಲಿರುವ ದೊಡ್ಡ ದತ್ತಾಂಶಕ್ಕೂ ಹೊಂದುವುದರಿಂದ ಭೂದಾಖಲೆಗಳ ದತ್ತಸಂಚಯಗಳಲ್ಲಿ ನೆಲೆಯೂರಿತು. ಇವು ಯಾವುವೂ ದೂರವನ್ನು ಬೇಗ ಅಳೆಯುವುದಿಲ್ಲ. ಯಾವ ದೂರವನ್ನು ಅಳೆಯಬೇಕಾಗಿಯೇ ಇಲ್ಲ ಎಂದು ಹೇಳುವುದರಲ್ಲಿ ಅವುಗಳ ಬಲವಿದೆ.

ಮಳೆ, ಕಾಲುವೆ, ನೆರೆ

ಆದೋನಿ, ಆಲೂರು, ಬಳ್ಳಾರಿ, ಸಿರುಗುಪ್ಪಗಳ ಮಳೆಮಾಪಕಗಳ ಅಂಕಿಗಳಿಂದ ಹಾಲಹರವಿ ಸೀಮೆಯ ಮಳೆಯನ್ನು ಅಂದಾಜು ಮಾಡಬೇಕೆಂದಿಟ್ಟುಕೊಳ್ಳೋಣ. ಪ್ರತಿ ಜಾಗವನ್ನೂ ಅದಕ್ಕೆ ಅತಿ ಹತ್ತಿರದ ಮಾಪಕಕ್ಕೆ ಸೇರಿಸಿದರೆ ನೆಲ ಬಹುಭುಜಗಳಾಗಿ ಪಾಲಾಗುತ್ತದೆ. ಪ್ರತಿ ಪಾಲಿನ ವಿಸ್ತೀರ್ಣವೇ ಆ ಮಾಪಕದ ತೂಕ. ಆಲ್ಫ್ರೆಡ್ ಥೀಸೆನ್ 1911ರಲ್ಲಿ ಮಳೆ ಲೆಕ್ಕಕ್ಕಾಗಿಯೇ ಇದನ್ನು ಸೂಚಿಸಿದ. ಗಣಿತದಲ್ಲಿ ಅದಕ್ಕೆ ವೊರೊನಾಯ್ ವಿಭಜನೆ ಎಂದು ಹೆಸರು. ಎನ್ ಲಾಗ್ ಎನ್ ಕಾಲದಲ್ಲಿ ಇದನ್ನು ಕಟ್ಟಬಹುದೆಂದು 1975ರಲ್ಲಿ ಶೇಮೋಸ್ ಮತ್ತು ಹೋಯ್ ತೋರಿಸಿದರು. 1986ರಲ್ಲಿ ಸ್ಟೀವನ್ ಫಾರ್ಚೂನ್ ಸರಿಯುವ ಗೆರೆಯ ಸರಳ ವಿಧಾನ ಕೊಟ್ಟ. ಪಕ್ಕಪಕ್ಕದ ಪಾಲುಗಳ ಮಾಪಕಗಳನ್ನು ಗೆರೆಯಿಂದ ಜೋಡಿಸಿದರೆ ಡೆಲೊನೇ ತ್ರಿಭುಜೀಕರಣ ಸಿಗುತ್ತದೆ. ಬೋರಿಸ್ ಡೆಲೊನೇ 1934ರಲ್ಲಿ ವಿವರಿಸಿದ ಈ ಬಲೆಯ ಗುಣ ವಿಶೇಷವಾದುದು: ಅವೇ ಬಿಂದುಗಳ ಮೇಲೆ ಕಟ್ಟಬಹುದಾದ ತ್ರಿಭುಜೀಕರಣಗಳಲ್ಲೆಲ್ಲ ಅತಿ ಚಿಕ್ಕ ಕೋನ ಇದರಲ್ಲಿ ಅತಿ ದೊಡ್ಡದಾಗಿರುತ್ತದೆ. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ಆಲೂರು, ಆದೋನಿ ಕಡೆಗೆ ಹರಿಯುವುದು ನೆಲದ ಇಳಿಜಾರನ್ನೇ ನಂಬಿ. ಇಂಥ ನೆಲದ ಏರುತಗ್ಗನ್ನು ಅಳೆದ ಬಿಂದುಗಳಿಂದ ಮೇಲ್ಮೈಯಾಗಿ ಕಟ್ಟುವಾಗ ಉದ್ದನೆಯ ಚೂಪು ತ್ರಿಭುಜಗಳು ಬಂದರೆ ದೂರದ ಎರಡು ಬಿಂದುಗಳ ಎತ್ತರ ನಡುವಿನ ನೆಲದ ಮೇಲೆ ಹೇರಲ್ಪಟ್ಟು, ಎರೆ ಭೂಮಿಯ ಅಲ್ಪ ಇಳಿಜಾರು ದಿಕ್ಕನ್ನೇ ತಪ್ಪಿ ತೋರಿಸಬಹುದು. ಅಳೆದ ಎತ್ತರಗಳೆಲ್ಲ ಸರಿಯಿದ್ದೂ, ಯಾವ ಬಿಂದುವನ್ನು ಯಾವುದಕ್ಕೆ ಜೋಡಿಸಿದೆವು ಎಂಬುದರಿಂದ ನೀರು ಹರಿಯುವ ದಿಕ್ಕಿನ ಲೆಕ್ಕ ಬದಲಾಗುತ್ತದೆ.

ಗಡಿಯೆಂಬ ಗ್ರಾಫ್

1953ರ ವಿಂಗಡಣೆಯನ್ನು ಈ ಕಣ್ಣಿನಿಂದ ನೋಡಿದರೆ ಒಂದು ಪಾಠ ಸಿಗುತ್ತದೆ. ಅಂದು ಬಳ್ಳಾರಿ ಜಿಲ್ಲೆಯನ್ನು ಪಾಲು ಮಾಡುವಾಗ ಮುಖ್ಯವಾಗಿ ತಾಲೂಕನ್ನೇ ಘಟಕವಾಗಿ ಹಿಡಿಯಲಾಯಿತು. ಕೆಲವೇ ವರ್ಷಗಳಲ್ಲಿ ಆಂಧ್ರ ಮತ್ತು ಮದ್ರಾಸ್ ನಡುವಿನ ಗಡಿಗೆ ಎಚ್. ವಿ. ಪಾಟಸ್ಕರ್ ಅನುಸರಿಸಿದ ಸೂತ್ರ ಬೇರೆ: ಗ್ರಾಮವೇ ಘಟಕ, ಭಾಷಾ ಬಹುಮತ, ಭೌಗೋಳಿಕ ಸಂಲಗ್ನತೆ. ಆ ಗಡಿ 1960ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಜನಗಣತಿಯ ಅಂಕಿ ಅವೇ ಇದ್ದರೂ ಘಟಕ ಬದಲಾದಾಗ ಗಡಿ ಬದಲಾಗಬಹುದೆಂಬುದು ಎದ್ದು ಕಾಣುತ್ತದೆ. ಬಹುಮತ ಎಣಿಕೆಯ ಕೆಲಸ. ಸಂಲಗ್ನತೆ ನೆರೆತನದ ಕೆಲಸ. ಪ್ರತಿ ಊರನ್ನೂ ಒಂದು ಬಿಂದುವಾಗಿ ಇಟ್ಟು, ಗಡಿ ಹಂಚಿಕೊಂಡ ಊರುಗಳ ನಡುವೆ ಗೆರೆ ಎಳೆದರೆ ಒಂದು ಗ್ರಾಫ್ ಆಗುತ್ತದೆ. ಒಂದು ರಾಜ್ಯದಿಂದ ಊರಿಂದೂರಿಗೆ ಕಡಿಯದೆ ತಲುಪಬಹುದೇ ಎಂಬುದೇ ಸಂಲಗ್ನತೆಯ ಪರೀಕ್ಷೆ. 500 ಊರುಗಳಲ್ಲಿ 1,24,750 ಜೋಡಿಗಳಿವೆ; ಆದರೆ ಪ್ರತಿ ಊರೂ ಒಂದೇ ತುಂಡು ನೆಲವಾಗಿದ್ದರೆ, ಆಯ್ಲರನ ಸೂತ್ರದ ಪ್ರಕಾರ ನೆರೆಜೋಡಿಗಳು 1,494ನ್ನು ಮೀರಲಾರವು. ಅಂಚುಪಟ್ಟಿ ಸಿದ್ಧವಿದ್ದರೆ ಪರೀಕ್ಷೆ ಕ್ಷಣದ ಕೆಲಸ. ಹಾಲಹರವಿಯಂಥ ಗಡಿಸೀಮೆಯ ಜನರ ಶಾಲೆ, ಕಚೇರಿ, ಭಾಷೆಗಳನ್ನು ನಿರ್ಧರಿಸುವ ತೀರ್ಮಾನದಲ್ಲಿ ಯಾವ ಘಟಕ, ಯಾವ ನೆರೆತನ ಎಂಬುದು ಮೊದಲೇ ಬಹಿರಂಗವಾಗಿ ಹೇಳಲ್ಪಡಬೇಕು. ಅಲ್ಗಾರಿದಂ ಬರೆಯುವವನು ಅದನ್ನು ಹೇಳದೆ ಒಂದು ಸಾಲೂ ಬರೆಯಲಾರ; ಈ ಶಿಸ್ತು ಆಡಳಿತಕ್ಕೂ ಒಳ್ಳೆಯದು.

ದಶಮಾಂಶದ ಅಪಾಯ

ಸಿದ್ಧಾಂತದ ಅಲ್ಗಾರಿದಂಗಳು ಪೂರ್ಣ ನಿಖರ ಸಂಖ್ಯೆಗಳನ್ನು ಊಹಿಸುತ್ತವೆ. ಕಂಪ್ಯೂಟರಿನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಲ್ಲಿ ಸುಮಾರು 16 ಅಂಕಿಗಳಿಗಷ್ಟೇ ಜಾಗ. ಹಾಲಹರವಿ ಇರುವ ಅಕ್ಷಾಂಶದಲ್ಲಿ ಸಮಭಾಜಕದಿಂದ ಅಳೆದ ಉತ್ತರದ ನಿರ್ದೇಶಾಂಕ ಸುಮಾರು 17 ಲಕ್ಷ ಮೀಟರ್, ಪೂರ್ವದ ನಿರ್ದೇಶಾಂಕ ಸುಮಾರು 7 ಲಕ್ಷ ಮೀಟರ್. ಇವುಗಳ ಗುಣಲಬ್ಧ ಲಕ್ಷ ಕೋಟಿಯನ್ನು ಮೀರುತ್ತದೆ; ಅಲ್ಲಿ ಯಂತ್ರ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸ ಚದರ ಮೀಟರಿನ ಸುಮಾರು ಹತ್ತು ಸಾವಿರದಲ್ಲಿ ಎರಡು ಭಾಗ. 100 ಮೀಟರ್ ಉದ್ದದ ಬದುವಿನ ಮೇಲೆ ಇದು ಮಿಲಿಮೀಟರಿನ ಸಾವಿರದಲ್ಲಿ ಕೆಲವು ಭಾಗಗಳಷ್ಟೇ. ಆದರೆ ಮೂರು ಕಲ್ಲುಗಳು ಬಹುತೇಕ ಒಂದೇ ಸಾಲಿನಲ್ಲಿದ್ದಾಗ ಈ ಅಲ್ಪ ದೋಷವೇ ಚಿಹ್ನೆಯನ್ನು ತಿರುಗಿಸಿಬಿಡುತ್ತದೆ. ಜೊನಾಥನ್ ಶೂಚುಕ್ 1997ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಂದೇಹವಿದ್ದ ಕಡೆ ಮಾತ್ರ ಹೆಚ್ಚಿನ ಅಂಕಿಗಳ ಲೆಕ್ಕ ನಡೆಯುತ್ತದೆ. ಉಳಿದೆಡೆ ವೇಗ ತಗ್ಗುವುದಿಲ್ಲ. ಮೂರು ಬಿಂದು ನಿಜವಾಗಿಯೇ ಒಂದೇ ಸಾಲಿನಲ್ಲಿದ್ದಾಗ ವಿರೋಧ ಬಾರದಂತೆ ನಿರ್ಣಯಿಸುವ ಕ್ರಮವನ್ನು ಎಡೆಲ್ಸ್‌ಬ್ರೂನರ್ ಮತ್ತು ಮ್ಯೂಕೆ 1990ರಲ್ಲಿ ಕೊಟ್ಟರು. 1996ರಲ್ಲಿ ಯುರೋಪಿನ ಸಂಸ್ಥೆಗಳು ಸೇರಿ ಆರಂಭಿಸಿದ ಸೀಗಾಲ್ ತಂತ್ರಾಂಶ ಭಂಡಾರ ನಿಖರ ನಿರ್ಣಯವನ್ನೇ ತಳಪಾಯ ಮಾಡಿಕೊಂಡಿದೆ. ಇನ್ನೊಂದು ಎಚ್ಚರಿಕೆ ಈ ಜಿಲ್ಲೆಗೆ ವಿಶೇಷವಾಗಿ ಸಲ್ಲುತ್ತದೆ. ಯುಟಿಎಂ ಪದ್ಧತಿಯ 43 ಮತ್ತು 44ನೆಯ ವಲಯಗಳನ್ನು ಬೇರ್ಪಡಿಸುವ 78 ಡಿಗ್ರಿ ಪೂರ್ವ ರೇಖಾಂಶ ಕರ್ನೂಲು ಜಿಲ್ಲೆಯೊಳಗೇ ಹಾಯುತ್ತದೆ. ಹಾಲಹರವಿ, ಆದೋನಿಗಳು ಒಂದು ವಲಯದಲ್ಲಿ, ಕರ್ನೂಲು ಪಟ್ಟಣ ಇನ್ನೊಂದರಲ್ಲಿ. ಎರಡು ವಲಯಗಳ ನಿರ್ದೇಶಾಂಕಗಳನ್ನು ಬೆರೆಸಿ ಲೆಕ್ಕ ಹಾಕಿದರೆ ಒಂದೊಂದು ಅಂಕಿಯೂ ಸರಿಯಿದ್ದು ಉತ್ತರ ಮಾತ್ರ ಪೂರ್ತಿ ತಪ್ಪಾಗುತ್ತದೆ.

ಆಕ್ಷೇಪಗಳು

ಈ ನಿಲುವಿಗೆ ಎದುರಾಗುವ ಮೊದಲ ಆಕ್ಷೇಪ, ಇಂದಿನ ಯಂತ್ರಗಳ ವೇಗದ ಮುಂದೆ ಇಷ್ಟು ಜಾಣತನ ಬೇಕೇ ಎಂಬುದು. ಒಂದು ಹಳ್ಳಿಯ ನಕ್ಷೆಗೆ ಬೇಡ. ಸಾವಿರ ಗೆರೆಗಳ ಎಲ್ಲ ಜೋಡಿಯನ್ನೂ ಯಂತ್ರ ಕಣ್ಣೆವೆ ಬಡಿಯುವಷ್ಟರಲ್ಲಿ ನೋಡಿಬಿಡುತ್ತದೆ. ಆದರೆ ನಕ್ಷೆ ನೂರು ಪಟ್ಟು ಬೆಳೆದರೆ ಜೋಡಿಗಳು ಹತ್ತು ಸಾವಿರ ಪಟ್ಟು ಬೆಳೆಯುತ್ತವೆ. ಯಂತ್ರದ ವೇಗ ಹೆಚ್ಚಿದಂತೆ ದತ್ತಾಂಶವೂ ಹೆಚ್ಚುತ್ತ ಬಂದಿದೆ; ಸರಪಳಿ ಹಿಡಿದು ಕೆಲವೇ ಕಲ್ಲುಗಳನ್ನು ಅಳೆದ ಹೊಲವನ್ನು ಡ್ರೋನ್ ಲಕ್ಷಾಂತರ ಬಿಂದುಗಳಾಗಿ ತರುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಶಜೇಲ್ 1991ರಲ್ಲಿ ಬಹುಭುಜವನ್ನು ರೇಖೀಯ ಕಾಲದಲ್ಲಿ ತ್ರಿಭುಜೀಕರಿಸಬಹುದೆಂದು ಸಾಧಿಸಿದರೂ ಆ ಅಲ್ಗಾರಿದಂ ಎಷ್ಟು ಜಟಿಲವೆಂದರೆ ಬಳಕೆಗೆ ಬರಲಿಲ್ಲ. ಜನ ಸರಳ ವಿಧಾನಗಳನ್ನೇ ಬಳಸುತ್ತಾರೆ. ಅಲ್ಗಾರಿದಂ ಕಲಿಕೆಯ ಹೆಸರಾಂತ ಪಠ್ಯ, ಕಾರ್ಮೆನ್ ಮತ್ತು ಸಹಲೇಖಕರದ್ದು, 2022ರ ನಾಲ್ಕನೆಯ ಆವೃತ್ತಿಯಲ್ಲಿ ಗಣನಾ ರೇಖಾಗಣಿತದ ಅಧ್ಯಾಯವನ್ನೇ ಕೈಬಿಟ್ಟಿದೆ. ಇದನ್ನು ಒಪ್ಪಲೇಬೇಕು. ಆದರೆ ಬಳಕೆಯಲ್ಲಿ ಉಳಿದ ಸರಳ ವಿಧಾನಗಳನ್ನು ನೋಡಿದರೆ, ಸರಿಯುವ ಗೆರೆ, ಆರ್-ಟ್ರೀ, ಡೆಲೊನೇ ಬಲೆ, ಅಂಚುಪಟ್ಟಿ, ಎಲ್ಲವೂ ನೆರೆತನದ ರಚನೆಗಳೇ. ಕಾಲ ಜರಡಿ ಹಿಡಿದಾಗ ಉಳಿದದ್ದು ಈ ಲೇಖನದ ನಿಲುವಿಗೆ ಪುಷ್ಟಿಯನ್ನೇ ಕೊಡುತ್ತದೆ.

ಮೂರನೆಯ ಆಕ್ಷೇಪ ಸರ್ವೆಯವರದು: ನೆಲದ ಅಳತೆಯಲ್ಲೇ ಸೆಂಟಿಮೀಟರುಗಳ ತಪ್ಪು ಇರುವಾಗ ಮಿಲಿಮೀಟರಿನ ಸಾವಿರದ ಭಾಗಕ್ಕೆ ಇಷ್ಟೊಂದು ಕಾಳಜಿ ಏಕೆ? ಉತ್ತರವೆಂದರೆ, ನಿಖರತೆ ಬೇರೆ, ಸುಸಂಗತಿ ಬೇರೆ. ಬಾಂದುಕಲ್ಲು ಎರಡು ಸೆಂಟಿಮೀಟರ್ ಆಚೀಚೆ ದಾಖಲಾದರೂ ನಕ್ಷೆ ನಕ್ಷೆಯಾಗಿಯೇ ಉಳಿಯುತ್ತದೆ. ಒಂದೇ ಕಲ್ಲು ಒಂದು ಪರೀಕ್ಷೆಯಲ್ಲಿ ಬದುವಿನ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ಬಿದ್ದರೆ ಅಂಚುಗಳ ಸುತ್ತು ಮುರಿದು, ಪ್ರೋಗ್ರಾಂ ನಿಲ್ಲುತ್ತದೆ, ಇಲ್ಲವೇ ಎಲ್ಲಿಯೂ ಇಲ್ಲದ ಹೊಲವೊಂದನ್ನು ಸೃಷ್ಟಿಸುತ್ತದೆ. ಕೊನೆಯ ಆಕ್ಷೇಪ ಎಲ್ಲಕ್ಕಿಂತ ತೂಕದ್ದು: ಗಡಿ ತಕರಾರು ಜನರ, ಕಾನೂನಿನ ವಿಷಯ, ಅಲ್ಗಾರಿದಂ ಅದನ್ನು ಬಗೆಹರಿಸದು. ನಿಜ. ಬಳ್ಳಾರಿ ಮತ್ತು ಅನಂತಪುರ ಜಿಲ್ಲೆಗಳ ನಡುವೆ ಗಣಿಗಾರಿಕೆಯ ಸೀಮೆಯಲ್ಲಿ ಅಂತರರಾಜ್ಯ ಗಡಿಗುರುತು ಅಳಿದ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರ್ವೇಕ್ಷಣಾ ಇಲಾಖೆ ಮತ್ತೆ ಗಡಿ ಗುರುತಿಸಬೇಕಾಯಿತು. ನದಿಯನ್ನು ಗಡಿಯೆಂದು ಬರೆದಿದ್ದು, ವೇದಾವತಿಯಂಥ ಮರಳು ಹೊಳೆ ಪಾತ್ರ ಬದಲಿಸಿದರೆ ಹಳೆಯ ಪಾತ್ರವೋ ಹೊಸದೋ ಎಂಬುದನ್ನು ಕಾನೂನೇ ಹೇಳಬೇಕು. ಅಲ್ಗಾರಿದಂ ಮಾಡಬಲ್ಲುದು ಇಷ್ಟು: ಒಂದು ತೀರ್ಮಾನ ಇನ್ನಾವ ದಾಖಲೆಗಳಿಗೆ ವಿರುದ್ಧ, ಯಾರ ಚಕ್ಕುಬಂದಿಯನ್ನು ಅದು ಮುಟ್ಟುತ್ತದೆ ಎಂಬುದನ್ನು ಮರೆಮಾಚದೆ ತೋರಿಸುವುದು. ನ್ಯಾಯ ತೀರ್ಮಾನಿಸುವವರಿಗೆ ಅದು ಸಣ್ಣ ನೆರವಲ್ಲ.

ಅಭ್ಯಾಸದ ದಾರಿ

ಈ ಶಾಸ್ತ್ರವನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ಅಲ್ಗಾರಿದಂಗಳ ಪಟ್ಟಿ ಹಿಡಿದು ಒಂದೊಂದನ್ನೇ ಬಾಯಿಪಾಠ ಮಾಡುತ್ತಾರೆ. ಅದಕ್ಕಿಂತ ಸಂಬಂಧಗಳ ಕ್ರಮದಲ್ಲಿ ಕಲಿಯುವುದು ಹಿತ. ಮೊದಲು ಎಡಬಲದ ಪರೀಕ್ಷೆ, ಆಮೇಲೆ ಜೋಡಣೆಯಿಂದ ಪೀನ ಆವರಣ, ಬಳಿಕ ಸರಿಯುವ ಗೆರೆ, ಅನಂತರ ಅಂಚುಪಟ್ಟಿ, ಅದರ ಮೇಲೆ ವೊರೊನಾಯ್ ಮತ್ತು ಡೆಲೊನೇ, ಕೊನೆಗೆ ಹುಡುಕುವ ವೃಕ್ಷಗಳು. ಎಲ್ಲ ಹಂತದಲ್ಲೂ ಒಂದೇ ಸಾಲಿನ ಬಿಂದು, ಒಂದೇ ಜಾಗದ ಎರಡು ಕಲ್ಲು, ಮೂರು ಗೆರೆ ಕೂಡುವ ಮೂಲೆ ಮುಂತಾದ ಇಕ್ಕಟ್ಟಿನ ಸಂದರ್ಭಗಳನ್ನು ಬೇಕೆಂದೇ ಕೊಟ್ಟು ಪರೀಕ್ಷಿಸಬೇಕು; ನಿಜವಾದ ಗ್ರಾಮ ನಕ್ಷೆಗಳಲ್ಲಿ ಅಂಥವೇ ಹೆಚ್ಚು. ಜೋಸೆಫ್ ಓರೂರ್ಕ್ ಅವರ 1994ರ ಪುಸ್ತಕ ಪ್ರೋಗ್ರಾಂ ಸಮೇತ ಕಲಿಸುತ್ತದೆ. ಮಾರ್ಕ್ ಡಿ ಬರ್ಗ್ ಮತ್ತು ಸಹಲೇಖಕರ 1997ರ ಪುಸ್ತಕ ಪ್ರತಿ ಅಧ್ಯಾಯವನ್ನೂ ಒಂದು ಬಳಕೆಯ ಸಮಸ್ಯೆಯಿಂದ ತೆರೆಯುತ್ತದೆ. ಸೌಂದರ್ಯಕ್ಕಾಗಿಯೇ ಓದಬೇಕಾದ ಪ್ರಮೇಯವೂ ಇದೆ: ಎನ್ ಮೂಲೆಗಳ ಅಂಗಳವನ್ನು ಪೂರ್ತಿ ಕಾಯಲು ಎನ್‌ನ ಮೂರನೆಯ ಒಂದು ಭಾಗದಷ್ಟು ಕಾವಲುಗಾರರು ಸಾಕೆಂದು 1975ರಲ್ಲಿ ಖ್ವಾಟಲ್ ಸಾಧಿಸಿದ, 1978ರಲ್ಲಿ ಫಿಸ್ಕ್ ತ್ರಿಭುಜಗಳ ಮೂಲೆಗಳಿಗೆ ಮೂರು ಬಣ್ಣ ಹಚ್ಚಿ ಅದನ್ನೇ ಕೆಲವು ಸಾಲುಗಳಲ್ಲಿ ತೋರಿಸಿದ. 30 ಮೂಲೆಗಳ ಮಾರುಕಟ್ಟೆ ಪ್ರಾಂಗಣಕ್ಕೆ ಸುತ್ತಲೂ ನೋಡಬಲ್ಲ 10 ಕ್ಯಾಮೆರಾ ಯಾವಾಗಲೂ ಸಾಕು. ರಾಜಾದಿತ್ಯ ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕ್ಷೇತ್ರದ ಗಣಿತವನ್ನು ಕನ್ನಡಕ್ಕೆ ತಂದ. ಅದರ ಇಂದಿನ ರೂಪವೂ ಗಡಿಯ ಎರಡೂ ಬದಿಯ ಕನ್ನಡ ವಿದ್ಯಾರ್ಥಿಗಳಿಗೆ ಅವರ ಭಾಷೆಯಲ್ಲೇ ಸಿಗಬೇಕು. ಕಲಿಯಬಯಸುವವರು ತಮ್ಮ ಊರಿನ ಗ್ರಾಮ ನಕ್ಷೆಯನ್ನು ತೆಗೆದುಕೊಂಡು, ಅದರ ಹೊಲಗಳ ಅಂಚುಪಟ್ಟಿ ಕಟ್ಟುವುದರಿಂದಲೇ ಆರಂಭಿಸಲಿ. ಪ್ರತಿ ಹೊಲದ ನೆರೆಹೊರೆಯನ್ನು ತಪ್ಪಿಲ್ಲದೆ ಹೇಳಬಲ್ಲ ಪ್ರೋಗ್ರಾಂ ಬರೆದವರಿಗೆ ಈ ಶಾಸ್ತ್ರದ ಉಳಿದ ಭಾಗ ಕಷ್ಟವಾಗದು.